ಕಾಡಿನಲ್ಲಿ ಮಂಜುಗಡ್ಡೆ ಮಾಡಿದ ಅಪ್ಪ

ಮಗಳ ಒಂಬತ್ತನೇ ತರಗತಿಯ ಗೈಡು ಹುಡುಕಿಕೊಂಡು ಪುಣೆಯ ಅಪ್ಪಾ ಬಳವಂತ ಚೌಕಕ್ಕೆ ಹೋಗಿದ್ದೆ. ಗೈಡು ಸಿಗಲಿಲ್ಲ. ಹಳೇ ಪುಸ್ತಕಗಳ ರಾಶಿಯಲ್ಲಿ ಪಾಲ್ ಥೆರೂ ಬರೆದ 'ದಿ ಮಸ್ಕಿಟೋ ಕೋಸ್ಟ್' ಸಿಕ್ಕಿತು. 1981ರ ಕಾದಂಬರಿ. ಅದುವರೆಗೆ ಥೆರೂ ಎಂದರೆ ನನಗೆ ರೈಲಿನ ಕಿಟಕಿ ಪಕ್ಕ ಕೂತು ಜಗತ್ತಿನ ಮೇಲೆಲ್ಲ ಗೊಣಗುವ ಪ್ರವಾಸ ಲೇಖಕ, ಅಷ್ಟೇ. ಹೆಂಡತಿಯನ್ನೂ ನಾಲ್ಕು ಮಕ್ಕಳನ್ನೂ ಕಟ್ಟಿಕೊಂಡು ಹೊಂಡುರಾಸಿನ ಕಾಡಿಗೆ ಹೊರಟ ಯಂತ್ರತಜ್ಞನ ಕಥೆ ಎಂದು ಗೊತ್ತಾದ ಮೇಲೆ ಬಿಡಲು ಮನಸ್ಸಾಗಲಿಲ್ಲ. ನೂರು ರೂಪಾಯಿ ಕೊಟ್ಟು ತಂದೆ.

ಓದಿ ಮುಗಿಸಿದ ಮೇಲೆ ಎರಡು ದಿನ ಮಗಳ ಮುಖ ನೋಡಿ ಮಾತಾಡುವುದೇ ಕಷ್ಟವಾಯಿತು. ಯಾಕೆಂದು ಆಮೇಲೆ ಹೇಳುತ್ತೇನೆ. ಮೊದಲು ಕಥೆ.

ಆ್ಯಲಿ ಫಾಕ್ಸ್ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹ್ಯಾಟ್‌ಫೀಲ್ಡಿನವನು. ಹಾರ್ವರ್ಡ್ ಅರ್ಧಕ್ಕೆ ಬಿಟ್ಟು ಬಂದವನು. ಪೋಲ್ಸ್ಕಿ ಎಂಬ ರೈತನ ಆ್ಯಸ್ಪರಾಗಸ್ ತೋಟದಲ್ಲಿ ಎಲ್ಲ ರಿಪೇರಿ ಕೆಲಸಗಳನ್ನೂ ನೋಡಿಕೊಳ್ಳುತ್ತಾನೆ. ಅವನ ಹೆಸರಿನಲ್ಲಿ ಪೇಟೆಂಟುಗಳಿವೆ, ಬಾಯಲ್ಲಿ ಅಮೆರಿಕದ ಮೇಲೆ ಮುಗಿಯದ ದೂರುಗಳಿವೆ. ಜನ ಕಸ ತಿನ್ನುತ್ತಾರೆ, ಕಸ ಕೊಳ್ಳುತ್ತಾರೆ, ಟೀವಿಯಲ್ಲಿ ಕಸ ನೋಡುತ್ತಾರೆ, ಯುದ್ಧ ಬಂದೇ ಬರುತ್ತದೆ, ಈ ದೇಶ ಮುಗಿಯಿತು ಎಂದು ದಿನವಿಡೀ ಹೇಳುತ್ತಿರುತ್ತಾನೆ. ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲ. ಹದಿಮೂರು ವರ್ಷದ ಚಾರ್ಲಿ, ಅವನ ತಮ್ಮ ಜೆರಿ, ಅವಳಿ ಹುಡುಗಿಯರಾದ ಏಪ್ರಿಲ್ ಮತ್ತು ಕ್ಲೋವರ್‌ಗೆ ಅಪ್ಪನೇ ಶಾಲೆ. ಒಂದು ದಿನ ಇದ್ದಕ್ಕಿದ್ದಂತೆ ಎಲ್ಲ ಬಿಟ್ಟು ಹೊರಡುತ್ತಾರೆ. ಎಲ್ಲಿಗೆ ಎಂಬುದು ಮಕ್ಕಳಿಗೆ ಗೊತ್ತಿಲ್ಲ. ಬಾಲ್ಟಿಮೋರಿನಲ್ಲಿ ಹಡಗು ಹತ್ತಿ ಹೊಂಡುರಾಸಿನ ಲಾ ಸೀಬಾ ಎಂಬ ಬಂದರಿನಲ್ಲಿ ಇಳಿಯುತ್ತಾರೆ.

ಲಾ ಸೀಬಾ ನಿಜವಾದ ಊರು. ಕೆರಿಬಿಯನ್ ಕಡಲ ದಂಡೆಯಲ್ಲಿದೆ, ಬಾಳೆಹಣ್ಣಿನ ಕಂಪನಿಗಳಿಂದ ಬೆಳೆದದ್ದು. ಸೀಬಾ ಎಂದರೆ ಒಂದು ಮರ, ನಮ್ಮ ಬಿಳಿ ಬೂರುಗದ ಜಾತಿಯೇ. ಅಂದರೆ ನಮ್ಮೂರ ಕಡೆ ಇದ್ದಿದ್ದರೆ ಬೂರುಗದಕಟ್ಟೆ ಎಂದೇನೋ ಹೆಸರಿರುತ್ತಿತ್ತು. ಮಸ್ಕಿಟೋ ಕೋಸ್ಟ್ ಎಂಬ ಹೆಸರೂ ಸೊಳ್ಳೆಯಿಂದ ಬಂದದ್ದಲ್ಲ, ಅಲ್ಲಿನ ಮಿಸ್ಕಿಟೊ ಜನರಿಂದ ಬಂದದ್ದು. ಅಲ್ಲಿಂದ ಹ್ಯಾಡಿ ಎಂಬ ಸ್ಥಳೀಯನ ದೋಣಿಯಲ್ಲಿ ಹೊಳೆಗುಂಟ ಮೇಲಕ್ಕೆ ಹೋಗಿ ಜೆರೋನಿಮೊ ಎಂಬ ಜಾಗ ಸೇರುತ್ತಾರೆ. ಈ 'ಊರ'ನ್ನು ಆ್ಯಲಿ ದುಡ್ಡು ಕೊಟ್ಟು ಕೊಂಡಿದ್ದಾನೆ. ಹೋಗಿ ನೋಡಿದರೆ ಕಳೆ ಬೆಳೆದ ಒಂದು ಬಯಲು. ಅದನ್ನು ಅವನು ನಿಜಕ್ಕೂ ಊರು ಮಾಡುತ್ತಾನೆ. ಮನೆ, ನೀರಿನ ವ್ಯವಸ್ಥೆ, ತೋಟ, ಎಲ್ಲಕ್ಕಿಂತ ಮಿಗಿಲಾಗಿ ಫ್ಯಾಟ್ ಬಾಯ್. ಬೆಂಕಿಯಿಂದ ಮಂಜುಗಡ್ಡೆ ಮಾಡುವ ಮನೆಯಷ್ಟು ದೊಡ್ಡ ಯಂತ್ರ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾನು ಥರ್ಮಲ್‌ನಲ್ಲಿ ಎಂ.ಟೆಕ್ ಮಾಡಿ ಆಮೇಲೆ ಎಲ್ಲರ ಹಾಗೆ ಐಟಿಗೆ ಬಂದವನು. ಇಪ್ಪತ್ತು ವರ್ಷದಲ್ಲಿ ಎಂ.ಟೆಕ್ ಉಪಯೋಗಕ್ಕೆ ಬಂದದ್ದು ಈ ಕಾದಂಬರಿ ಓದುವಾಗಲೇ ಇರಬೇಕು. ಬೆಂಕಿಯಿಂದ ಮಂಜು ಎಂದರೆ ಕಟ್ಟುಕಥೆ ಅಲ್ಲ. ನೀರಿನಲ್ಲಿ ಕರಗಿದ ಅಮೋನಿಯಾವನ್ನು ಕಾಯಿಸಿದರೆ ಅದು ಆವಿಯಾಗಿ ಬೇರೆಯಾಗುತ್ತದೆ. ತಣಿಸಿದರೆ ದ್ರವವಾಗುತ್ತದೆ. ಹೈಡ್ರೋಜನ್ ತುಂಬಿದ ಕೊಳವೆಗೆ ಬಿಟ್ಟರೆ ಮತ್ತೆ ಆವಿಯಾಗುತ್ತ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಕೊನೆಗೆ ಮತ್ತೆ ನೀರಿನಲ್ಲಿ ಕರಗುತ್ತದೆ. ಮೋಟಾರಿಲ್ಲ, ಪಂಪಿಲ್ಲ, ಕರೆಂಟೂ ಬೇಡ. 1922ರಲ್ಲಿ ಸ್ಟಾಕ್‌ಹೋಮಿನಲ್ಲಿ ಓದುತ್ತಿದ್ದ ಪ್ಲಾಟೆನ್, ಮುಂಟರ್ಸ್ ಎಂಬ ಇಬ್ಬರು ಹುಡುಗರು ಇದನ್ನು ಕಂಡುಹಿಡಿದರು, ಎಲೆಕ್ಟ್ರೋಲಕ್ಸ್ ಕಂಪನಿ ಅದನ್ನು ಫ್ರಿಜ್ಜಾಗಿ ಮಾರಿತು. ಥೆರೂ ಇದನ್ನು ತಿಳಿದುಕೊಂಡೇ ಬರೆದಿದ್ದಾನೆ. ನಾನು ಕುಂದಾಪುರದ ಕಡೆಯವನು. ಚಿಕ್ಕವನಿದ್ದಾಗ ಮೀನುಗಾರಿಕಾ ಬಂದರಿನ ಐಸ್ ಪ್ಲಾಂಟಿನ ಹತ್ತಿರ ಹೋದರೆ ಮೂಗಿಗೆ ಸುಂಯ್ ಎಂದು ಅಮೋನಿಯಾ ಹೊಡೆಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಫ್ಯಾಟ್ ಬಾಯ್‌ನ ಪುಟಗಳನ್ನು ಓದುವಾಗ ಆ ವಾಸನೆ ಮತ್ತೆ ಬಂತು.

ಯಂತ್ರ ಕೆಲಸ ಮಾಡುತ್ತದೆ ಎಂಬುದು ಮುಖ್ಯ. ಈ ಕಾದಂಬರಿಯ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಆ್ಯಲಿಯನ್ನು ಹುಚ್ಚ ಎಂದು ಒಂದೇ ಏಟಿಗೆ ತೀರಿಸಿಬಿಡುತ್ತಾರೆ. ಅಹಂಕಾರದ ಕಥೆ, ಪ್ರಕೃತಿಯ ಮೇಲೆ ಸವಾರಿ ಮಾಡಹೊರಟವನ ಕಥೆ, ಅಮೆರಿಕವನ್ನು ದ್ವೇಷಿಸುತ್ತಲೇ ಕಾಡಿನಲ್ಲಿ ಇನ್ನೊಂದು ಅಮೆರಿಕ ಕಟ್ಟಿದವನ ಕಥೆ ಎನ್ನುತ್ತಾರೆ. ಎಲ್ಲ ನಿಜವೇ. ಆದರೆ ಹಾಗೆ ಓದಿದರೆ ನಮ್ಮಂಥವರು ಸುಲಭವಾಗಿ ಪಾರಾಗುತ್ತೇವೆ. ನಾವು ಹುಚ್ಚರಲ್ಲವಲ್ಲ! ಆ್ಯಲಿ ಸೋಮಾರಿಯಲ್ಲ, ಕುಡುಕನಲ್ಲ, ಮಕ್ಕಳ ಮೇಲೆ ಪ್ರೀತಿ ಇಲ್ಲದವನೂ ಅಲ್ಲ. ಎಲ್ಲರಿಗಿಂತ ಮೊದಲೇ ಎದ್ದು ಎಲ್ಲರಿಗಿಂತ ಹೆಚ್ಚು ದುಡಿಯುತ್ತಾನೆ. ಒಳ್ಳೆಯ ಪ್ರಾಜೆಕ್ಟ್ ಮ್ಯಾನೇಜರ್ ಕಣ್ರೀ, ನಾನು ಕೂಡಲೇ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ. ಫ್ಯಾಟ್ ಬಾಯ್ ತಾನಾಗಿ ಕೆಡುವುದೂ ಇಲ್ಲ. ಬಂದೂಕು ಹಿಡಿದ ಮೂವರು ಬಂದು ಕೂತಾಗ ಆ್ಯಲಿ ಅವರನ್ನು ಅದರೊಳಗೆ ಕೂಡಿಹಾಕಿ, ಬೆಂಕಿ ಹಚ್ಚಿ, ಮರಗಟ್ಟಿಸಿ ಕೊಲ್ಲಲು ಹೋಗುತ್ತಾನೆ. ಅವರು ಒಳಗಿನಿಂದ ಗುಂಡು ಹಾರಿಸುತ್ತಾರೆ. ಹೈಡ್ರೋಜನ್ ಸಿಡಿದು ಜೆರೋನಿಮೊ ಸುಟ್ಟುಹೋಗುತ್ತದೆ, ಅಮೋನಿಯಾ ಹೊಳೆಗೆ ಸೇರಿ ನೀರು ವಿಷವಾಗುತ್ತದೆ.

ಫ್ಯಾಟ್ ಬಾಯ್ ಕಟ್ಟುವಾಗ ಚಾರ್ಲಿ ಅದರ ಒಳಗೆ ಇಳಿಯುವ ಸಂದರ್ಭವೊಂದಿದೆ. ಕತ್ತಲು, ಸುತ್ತಲೂ ಕೊಳವೆಗಳು. ಹುಡುಗನಿಗೆ ತಾನು ಅಪ್ಪನ ತಲೆಯೊಳಗೇ ಇಳಿದಂತೆ ಅನ್ನಿಸುತ್ತದೆ. ನನ್ನ ಪ್ರಕಾರ ಕಾದಂಬರಿಯ ತಿರುಳು ಇದು. ಮಕ್ಕಳಿಗೆ ಪರದೇಶ ಎಂದರೆ ಬೇರೆ ದೇಶವಲ್ಲ, ಅಪ್ಪನ ತಲೆಯೊಳಗಿನ ದೇಶ. ಹವೆ, ಸೊಳ್ಳೆ, ಭಾಷೆ ಎಲ್ಲ ಆಮೇಲೆ ಬರುವ ಸಂಗತಿ. ಅಪ್ಪ ನೆಮ್ಮದಿಯಾಗಿದ್ದರೆ ಕಾಡೂ ಒಳ್ಳೆಯದು, ಅಪ್ಪನಿಗೆ ಸಿಟ್ಟು ಬಂದರೆ ಕಾಡೂ ಹೆದರಿಸುತ್ತದೆ. ಕಾದಂಬರಿಯನ್ನು ಆ್ಯಲಿಯ ಬಾಯಿಂದ ಹೇಳಿಸದೆ ಚಾರ್ಲಿಯ ಬಾಯಿಂದ ಹೇಳಿಸಿದ್ದೇ ಥೆರೂ ಮಾಡಿದ ಸರಿಯಾದ ಕೆಲಸ. ಆ್ಯಲಿ ಹೇಳಿದ್ದರೆ ಇದು ಸಾಹಸದ ಕಥೆಯಾಗುತ್ತಿತ್ತು. ನಮ್ಮ ವಲಸೆಯ ಬರಹಗಳೆಲ್ಲ ಹಾಗೇ ಆಗಿರುವುದು.

ಇನ್ನು ಏಕರ್. ವಿಮರ್ಶೆಗಳಲ್ಲಿ ಇದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂಬುದು ನನ್ನ ತಕರಾರು. ಜೆರೋನಿಮೊದಲ್ಲಿ ಅಪ್ಪ ಯಂತ್ರ ಕಟ್ಟುತ್ತಿರುವಾಗ ಈ ನಾಲ್ಕು ಮಕ್ಕಳು ಅಲ್ಲಿನ ಮಕ್ಕಳ ಜೊತೆ ಸೇರಿ ಕಾಡಿನೊಳಗೆ ಒಂದು ಕೊಳದ ಪಕ್ಕ ತಮ್ಮದೇ ಜಾಗ ಮಾಡಿಕೊಳ್ಳುತ್ತಾರೆ. ಅದಕ್ಕೆ 'ದಿ ಏಕರ್' ಎಂದು ಹೆಸರಿಡುತ್ತಾರೆ. ಸೊಪ್ಪಿನ ಗುಡಿಸಲು, ಕಾಡಿನಲ್ಲಿ ಸಿಗುವ ಹಣ್ಣು. ಅಲ್ಲಿ ಏನು ಆಡುತ್ತಾರೆ ನೋಡಿ. ಅಂಗಡಿ ಆಟ ಆಡುತ್ತಾರೆ, ಶಾಲೆ ಆಟ ಆಡುತ್ತಾರೆ, ಪ್ರಾರ್ಥನೆಯ ಆಟ ಆಡುತ್ತಾರೆ. ಅಪ್ಪ ಯಾವುದನ್ನೆಲ್ಲ ಬೇಡವೆಂದು ಬಿಟ್ಟು ಬಂದಿದ್ದನೋ ಅದೆಲ್ಲ ಅಲ್ಲಿದೆ. ಶಾಲೆಯ ಮುಖ ನೋಡದ ಮಕ್ಕಳು ಶಾಲೆಯ ಆಟ ಆಡುವ ಆ ಪುಟಗಳಲ್ಲಿ ದುಃಖದ ಒಂದು ಪದವೂ ಇಲ್ಲ. ಚಾರ್ಲಿ ಖುಷಿಯಾಗಿ, ಹೆಮ್ಮೆಯಿಂದಲೇ ಹೇಳುತ್ತಾನೆ. ಜೆರೋನಿಮೊ ಸುಟ್ಟುಹೋದ ರಾತ್ರಿ ಇಡೀ ಸಂಸಾರಕ್ಕೆ ಆಸರೆಯಾಗುವುದು ಇದೇ ಏಕರ್. ಮಹಾ ಎಂಜಿನಿಯರ್ ಮಕ್ಕಳಾಟಿಕೆಯ ಸೂರಿನಡಿ ಮಲಗಬೇಕಾಗುತ್ತದೆ. ಅವನಿಗದು ಹಿಡಿಸುವುದಿಲ್ಲ.

ಈಗ ನನ್ನ ಕಥೆ. ಉದ್ದ ಮಾಡುವುದಿಲ್ಲ.

2017ರಲ್ಲಿ ಒಂದು ಬ್ಯಾಂಕಿಂಗ್ ಪ್ರಾಜೆಕ್ಟಿಗಾಗಿ ನಾನು ಸಂಸಾರ ಸಮೇತ ಕೀನ್ಯಾದ ಮೊಂಬಾಸಾಕ್ಕೆ ಹೋದೆ. ಮಗಳಿಗೆ ಏಳು, ಮಗನಿಗೆ ನಾಲ್ಕು. ಊರು ಒಳ್ಳೆಯದು, ಅದರ ಮೇಲೆ ನನಗೆ ಒಂದು ದೂರೂ ಇಲ್ಲ. ಸಮುದ್ರ, ತೆಂಗು, ಮಾವು, ಸೆಕೆ, ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ ಎಲ್ಲ ಕಂಡು ಕುಂದಾಪುರಕ್ಕೇ ಬಂದ ಹಾಗಾಗಿತ್ತು ನನಗೆ. 'ನನಗೆ' ಎಂಬುದನ್ನು ಗಮನಿಸಿ. ಮಕ್ಕಳು ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಅವರಿಗೆ ಕುಂದಾಪುರವೂ ರಜೆಗೆ ಹೋಗುವ ಊರು. ಹೊರಡುವ ಮೊದಲು ನಾನು ಎಲ್ಲ ಸರಿಯಾಗಿ ಮಾಡಿದ್ದೆ. ಹಳದಿ ಜ್ವರದ ಚುಚ್ಚುಮದ್ದು, ಮಲೇರಿಯಾಕ್ಕೆ ಸೊಳ್ಳೆಪರದೆ, ಶಾಲೆಯ ಸೀಟು, ವಿಮೆ, ಅಕ್ಕಿ ರೊಟ್ಟಿಯ ಹಿಟ್ಟು ಕೂಡ. ಎಕ್ಸೆಲ್ ಹಾಳೆಯಲ್ಲಿ ಅರವತ್ತಕ್ಕೂ ಹೆಚ್ಚು ಸಾಲುಗಳಿದ್ದವು, ಎಲ್ಲ ಹಸಿರು. ಫೋನಿನಲ್ಲಿ ಅಮ್ಮ ಮಾತ್ರ ಒಂದು ಕೇಳಿದ್ದರು, "ಮಕ್ಕಳ್ ಹತ್ರ ಕೇಂಡ್ಯಾ?" ಅಂತ. ಏಳು ವರ್ಷದ ಮಗುವಿನ ಹತ್ತಿರ ಕೇಳುವುದೆಂಥದು ಎಂದು ನಕ್ಕಿದ್ದೆ.

ಅಲ್ಲಿ ಮಗಳು ಶಾಲೆಯಲ್ಲಿ ಮೂರು ತಿಂಗಳು ಬಾಯಿ ಬಿಡಲಿಲ್ಲ. ಟೀಚರು ನನ್ನ ಹೆಂಡತಿಗೆ ಹೇಳಿದ್ದರು, ಹೆಂಡತಿ ನನಗೆ ಹೇಳಿದ್ದಳು. ನಾನು ಗೋ-ಲೈವ್ ಆಗುವವರೆಗೆ ತಡಿ ಎಂದಿದ್ದೆ. ಸಂಜೆ ಅಪಾರ್ಟ್‌ಮೆಂಟಿನ ಹಿಂದೆ ಮಾವಿನ ಮರದ ಬುಡದಲ್ಲಿ ಅಕ್ಕ ತಮ್ಮ ಒಂದು ಆಟ ಆಡುತ್ತಿದ್ದರು. ಎರಡು ಕೋಲು ಅಡ್ಡ ಇಟ್ಟು ಗೇಟು. ತಮ್ಮ ವಾಚ್‌ಮನ್. ಅಕ್ಕ ಹೊರಗಿನಿಂದ ಬರುತ್ತಾಳೆ, ಅವನು "ಕಿಧರ್ ಜಾನಾ ಹೈ?" ಎನ್ನುತ್ತಾನೆ, ಅವಳು ನಮ್ಮ ಪುಣೆಯ ಫ್ಲಾಟಿನ ನಂಬರ್ ಹೇಳುತ್ತಾಳೆ, ಪುಸ್ತಕದಲ್ಲಿ ಸಹಿ ಹಾಕುತ್ತಾಳೆ, ಒಳಗೆ ಹೋಗುತ್ತಾಳೆ. ಮತ್ತೆ ಹೊರಗೆ ಬರುತ್ತಾಳೆ, ಮತ್ತೆ ಅದೇ. ಒಂದು ಸಂಜೆಗೆ ಇಪ್ಪತ್ತು ಸಲ. ನನಗೆ ಬಹಳ ತಮಾಷೆ ಕಂಡು ವಿಡಿಯೊ ಮಾಡಿ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಮೂವತ್ತು ಜನ ನಗುವ ಇಮೋಜಿ ಹಾಕಿದ್ದರು.

ಏಕರಿನ ಪುಟಗಳನ್ನು ಓದುತ್ತಿದ್ದಾಗ ಆ ವಿಡಿಯೊ ನೆನಪಾಯಿತು. ಹುಡುಕಿ ತೆಗೆದು ನೋಡಿದೆ. ಅದರಲ್ಲಿ ಹಿಂದಿನಿಂದ ಕೇಳಿಸುವುದು ನನ್ನದೇ ನಗು.

ಹದಿನೆಂಟು ತಿಂಗಳಿಗೆ ವಾಪಸ್ ಬಂದೆವು. ಯಾರಿಗೂ ಏನೂ ಆಗಲಿಲ್ಲ. ಮಗಳು ಕೊನೆಕೊನೆಗೆ ಚೆನ್ನಾಗಿಯೇ ಇದ್ದಳು. ಸ್ವಾಹಿಲಿಯಲ್ಲಿ ನೂರರವರೆಗೆ ಎಣಿಸುತ್ತಿದ್ದಳು, ವಾಪಸ್ ಬರುವಾಗ ಅತ್ತದ್ದೂ ಅವಳೇ. ಅಂದರೆ ನನ್ನದು ಆ್ಯಲಿಯ ಕಥೆಯಲ್ಲ. ಆದರೂ ಈ ಪುಸ್ತಕವನ್ನು ಯಾರೋ ಹುಚ್ಚನ ಕಥೆ ಎಂದು ಓದುವ ಸ್ವಾತಂತ್ರ್ಯ ನನಗೆ ಉಳಿದಿಲ್ಲ.

ಥೆರೂಗೂ ಇದರ ಅನುಭವ ಹೊರಗಿನದಲ್ಲ. ಇಪ್ಪತ್ತೆರಡರ ವಯಸ್ಸಿಗೆ ಪೀಸ್ ಕೋರ್ ಮೂಲಕ ಆಫ್ರಿಕಕ್ಕೆ ಹೋದವನು, ಮಲಾವಿಯಲ್ಲೂ ಆಮೇಲೆ ಉಗಾಂಡಾದ ಮಕರೆರೆ ವಿಶ್ವವಿದ್ಯಾಲಯದಲ್ಲೂ ಪಾಠ ಮಾಡಿದ. ದೊಡ್ಡ ಮಗ ಮಾರ್ಸೆಲ್ 1968ರಲ್ಲಿ ಕಂಪಾಲಾದಲ್ಲಿ ಹುಟ್ಟಿದ. ಹೆಂಡತಿ ಬಸುರಿಯಾಗಿದ್ದಾಗ ಅವರಿದ್ದ ಕಾರನ್ನು ಒಂದು ಗಲಭೆಯ ಗುಂಪು ಮುತ್ತಿತ್ತು. ಆ ನಂತರ ಉಗಾಂಡಾ ಬಿಟ್ಟು ಸಿಂಗಾಪುರಕ್ಕೆ ಹೋದರು. ಎರಡನೆಯ ಮಗ ಲೂಯಿ, ಈಗ ಸಾಕ್ಷ್ಯಚಿತ್ರಗಳಿಂದ ಹೆಸರಾದವನು, 1970ರಲ್ಲಿ ಹುಟ್ಟಿದ್ದು ಅಲ್ಲೇ. ಉಷ್ಣವಲಯದ ಪರಊರಿನಲ್ಲಿ ಎಳೆ ಮಕ್ಕಳನ್ನು ಎತ್ತಿಕೊಂಡು ಓಡಾಡಿದ ಅಪ್ಪ ಹತ್ತು ವರ್ಷದ ನಂತರ ಬರೆದ ಕಾದಂಬರಿ ಇದು. ಲೇಖಕನ ಬದುಕನ್ನು ತಂದು ಕೃತಿಗೆ ಅಂಟಿಸುವುದು ನನಗೂ ಇಷ್ಟವಿಲ್ಲ. ಆದರೆ ಬೇರೆ ಕಡೆ ಎಲ್ಲ ಪ್ರಯಾಣಗಳ ನಾಯಕ ತಾನೇ ಆಗಿರುವ ಈ ಮನುಷ್ಯ ಇಲ್ಲಿ ಮಾತ್ರ ಮಗನ ಜಾಗದಲ್ಲಿ ಕೂತಿದ್ದಾನೆ ಎನ್ನುವುದನ್ನು ಕಾಣದೆ ಇರಲಾಗುವುದಿಲ್ಲ.

ಇದೇ ಸಾಲಿನಲ್ಲಿ ನಿಲ್ಲುವ ಇನ್ನೊಂದು ಕಾದಂಬರಿ ಬಾರ್ಬರಾ ಕಿಂಗ್‌ಸಾಲ್ವರ್ ಅವರ 'ದಿ ಪಾಯಿಸನ್‌ವುಡ್ ಬೈಬಲ್', 1998ರದು. ನೇಥನ್ ಪ್ರೈಸ್ ಎಂಬ ಪಾದ್ರಿ 1959ರಲ್ಲಿ, ಇನ್ನೊಂದು ವರ್ಷಕ್ಕೆ ಸ್ವತಂತ್ರವಾಗಲಿದ್ದ ಬೆಲ್ಜಿಯನ್ ಕಾಂಗೋಕ್ಕೆ ಹೆಂಡತಿಯನ್ನೂ ನಾಲ್ಕು ಹೆಣ್ಣುಮಕ್ಕಳನ್ನೂ ಕರೆದೊಯ್ಯುತ್ತಾನೆ. ಅಲ್ಲೂ ಅಪ್ಪನಿಗೆ ಕಥೆ ಹೇಳುವ ಹಕ್ಕಿಲ್ಲ. ತಾಯಿ ಮತ್ತು ನಾಲ್ಕು ಹುಡುಗಿಯರು ಸರದಿಯಲ್ಲಿ ಹೇಳುತ್ತಾರೆ. ಲೇಖಕಿ ತಾನೇ 1963ರ ಹೊತ್ತಿಗೆ, ಏಳೆಂಟು ವರ್ಷದವಳಿದ್ದಾಗ, ಅಪ್ಪ ಅಮ್ಮನ ಜೊತೆ ಕಾಂಗೋದಲ್ಲಿದ್ದವಳು. ಅದು ಆ ಪುಸ್ತಕದಲ್ಲಿ ಗೊತ್ತಾಗುತ್ತದೆ. ವಿಮಾನದ ತೂಕದ ಮಿತಿ ತಪ್ಪಿಸಲು ಕೇಕಿನ ಹಿಟ್ಟಿನ ಪೊಟ್ಟಣಗಳನ್ನು ಬಟ್ಟೆಯೊಳಗೆ ಕಟ್ಟಿಕೊಂಡು ಹೊರಡುವ ಆ ಸಂಸಾರವನ್ನು ನೋಡಿ ನಗದೇ ಇರಲು ಅವಲಕ್ಕಿ, ಹಪ್ಪಳ, ಉಪ್ಪಿನಕಾಯಿ ಹೊತ್ತ ನಮ್ಮಿಂದಂತೂ ಆಗದು.

ಅದರಲ್ಲೊಂದು ತೋಟದ ಪ್ರಸಂಗವಿದೆ. ನೇಥನ್ ತಾನು ತಂದ ಬೀಜಗಳನ್ನು ತನ್ನ ಊರಿನ ಕ್ರಮದಲ್ಲಿ ಸಪಾಟು ಮಡಿ ಮಾಡಿ ಬಿತ್ತುತ್ತಾನೆ. ಮನೆಕೆಲಸದ ಹೆಂಗಸು ದಿಬ್ಬ ಮಾಡಿ ನೆಡು ಎನ್ನುತ್ತಾಳೆ. ಕೇಳುವುದಿಲ್ಲ. ಮಳೆ ಬಂದು ಎಲ್ಲ ಕೊಚ್ಚಿಕೊಂಡು ಹೋಗುತ್ತದೆ. ಆಮೇಲೆ ದಿಬ್ಬ ಮಾಡುತ್ತಾನೆ, ಗಿಡಗಳು ಹುಲುಸಾಗಿ ಬೆಳೆಯುತ್ತವೆ, ಕಾಯಿ ಮಾತ್ರ ಇಲ್ಲ. ಅವುಗಳ ಪರಾಗ ಸಾಗಿಸುವ ಕೀಟಗಳು ಅಲ್ಲಿಲ್ಲ. ಥೆರೂನ ಮಂಜುಗಡ್ಡೆಗೂ ಇದೇ ಗತಿ. ಆ್ಯಲಿ ಮಂಜುಗಡ್ಡೆಯನ್ನು ಎಲೆಗಳಲ್ಲಿ ಸುತ್ತಿ ಮಕ್ಕಳ ಸಮೇತ ಬೆಟ್ಟ ಹತ್ತಿ ಒಳನಾಡಿನ ಜನರಿಗೆ ತೋರಿಸಲು ಹೋಗುತ್ತಾನೆ. ತಲುಪುವಷ್ಟರಲ್ಲಿ ಕರಗಿರುತ್ತದೆ. ಯಾರೂ ಕೇಳಿರಲಿಲ್ಲ ಆ ಮಂಜುಗಡ್ಡೆಯನ್ನು. ಯಾರೂ ಕೇಳದ ಸಾಫ್ಟ್‌ವೇರನ್ನು ಹೊತ್ತು ಬೆಟ್ಟ ಹತ್ತಿದವರಿಗೆ ಈ ಅಧ್ಯಾಯ ಬೇರೆ ವಿವರಣೆ ಕೇಳುವುದಿಲ್ಲ.

ಎರಡರಲ್ಲಿ ಯಾವುದು ಮೇಲು ಎಂದರೆ ನನಗೆ ಥೆರೂನದೇ. ಕಿಂಗ್‌ಸಾಲ್ವರ್ ಹೆಚ್ಚು ತಿಳಿದವಳು, ಹೆಚ್ಚು ನ್ಯಾಯವಂತೆ. ಕಾಂಗೋದ ರಾಜಕೀಯ, ಲುಮುಂಬಾನ ಕೊಲೆ, ಅಮೆರಿಕದ ಕೈವಾಡ ಎಲ್ಲವನ್ನೂ ಹೇಳುತ್ತಾಳೆ. ಆದರೆ ಆ ಅಪ್ಪ ಮೊದಲ ಪುಟದಿಂದಲೇ ತಪ್ಪಿತಸ್ಥ. ಅವನನ್ನು ಪ್ರೀತಿಸಲು ಕಾರಣವೇ ಸಿಗುವುದಿಲ್ಲ. ಚಾರ್ಲಿಯ ಕಷ್ಟ ಬೇರೆ, ಅವನಿಗೆ ಅಪ್ಪ ಇಷ್ಟ. ಅಪ್ಪ ಮಾಡಿದ್ದು ನಿಜಕ್ಕೂ ಅದ್ಭುತವಾಗಿರುತ್ತದೆ. ಇಷ್ಟಪಟ್ಟವನನ್ನು ಅನುಮಾನಿಸಲು ಮಗುವಿಗೆ ಎಷ್ಟು ಕಾಲ ಬೇಕು ಎಂಬುದೇ ಕಾದಂಬರಿಯ ಉದ್ದ. ಜೆರೋನಿಮೊ ನಾಶವಾದ ಮೇಲೆ ವಾಪಸ್ ಹೋಗೋಣ ಎಂದಾಗ ಆ್ಯಲಿ, ಅಮೆರಿಕ ಇನ್ನಿಲ್ಲ, ಯುದ್ಧದಲ್ಲಿ ಸುಟ್ಟುಹೋಯಿತು ಎಂದು ಮಕ್ಕಳಿಗೆ ಹೇಳಿಬಿಡುತ್ತಾನೆ. ಮಕ್ಕಳು ನಂಬುತ್ತಾರೆ, ಅರ್ಧ ನಂಬುತ್ತಾರೆ. ಇಲ್ಲದ ಊರಿಗಾಗಿ ಅಳುವುದು ಹೇಗೆಂದು ಗೊತ್ತಾಗದೆ ಒದ್ದಾಡುತ್ತಾರೆ. ಇದರ ಸಣ್ಣ ರೂಪಗಳನ್ನು ನಾವೆಲ್ಲ ಹೇಳಿದ್ದೇವೆ. ಹಳೇ ಶಾಲೆ ಅಷ್ಟೇನೂ ಚೆನ್ನಾಗಿರಲಿಲ್ಲ ಬಿಡು. ಆ ಫ್ರೆಂಡ್ ಈಗ ನಿನ್ನನ್ನು ಮರೆತಿರುತ್ತಾನೆ ಬಿಡು.

ಕಾದಂಬರಿಯ ತಪ್ಪುಗಳನ್ನೂ ಹೇಳಬೇಕು. ತಾಯಿಗೆ ಹೆಸರೇ ಇಲ್ಲ. ಉದ್ದಕ್ಕೂ ಬರೀ 'ಮದರ್'. ಅವಳು ಅಷ್ಟು ಬುದ್ಧಿವಂತೆ, ಎಲ್ಲ ಕಾಣುತ್ತಿದೆ ಅವಳಿಗೆ, ಆದರೂ ಮುಕ್ಕಾಲು ದಾರಿ ಸುಮ್ಮನೆ ನಡೆಯುತ್ತಾಳೆ. ಯಾಕೆ ಎಂಬ ಪ್ರಶ್ನೆಗೆ ಥೆರೂ ಹತ್ತಿರ ಉತ್ತರವಿಲ್ಲ. ಮಗ ಕಥೆ ಹೇಳುತ್ತಿದ್ದಾನೆ, ಮಗನಿಗೆ ಗೊತ್ತಿಲ್ಲ ಎಂದು ವಾದಿಸಬಹುದು. ಆದರೆ ಹದಿಮೂರರ ಹುಡುಗನಿಗೆ ಅಮ್ಮನ ಮುಖ ಓದಲು ಬರುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಮೊದಲು ಓದುವವರು ಮಕ್ಕಳೇ. ಎರಡನೆಯದು ಸ್ಥಳೀಯರು. ಹ್ಯಾಡಿಯನ್ನು ಬಿಟ್ಟರೆ ಉಳಿದವರು ಬಹುತೇಕ ಬೆರಗಾಗಲು, ಹೆದರಲು ಇಟ್ಟ ಗೊಂಬೆಗಳು. ಅವರ ಇಂಗ್ಲಿಷನ್ನು ತಮಾಷೆಗೆ ಬಳಸಿದ್ದು ಇವತ್ತು ಓದುವಾಗ ಕಿರಿಕಿರಿಯಾಗುತ್ತದೆ. ಮೂರನೆಯದು ಕೊನೆಯ ಭಾಗ. ಹೊಳೆಯಲ್ಲಿ ಮೇಲಕ್ಕೆ, ಇನ್ನೂ ಮೇಲಕ್ಕೆ ಎಂದು ಆ್ಯಲಿ ದೋಣಿ ಸಾಗಿಸುವ ನೂರು ಪುಟಗಳಲ್ಲಿ ನಲವತ್ತು ಸಾಕಿತ್ತು. ಸಾವಿನ ದೃಶ್ಯದ ರಣಹದ್ದು ಲೇಖಕನ ಸೇಡು, ಹುಡುಗನ ಕಣ್ಣಿಗೆ ಕಂಡದ್ದಲ್ಲ.

ಆ ವರ್ಷ ಇದಕ್ಕೆ ಬ್ರಿಟನ್ನಿನ ಜೇಮ್ಸ್ ಟೇಟ್ ಬ್ಲ್ಯಾಕ್ ಪ್ರಶಸ್ತಿ ಬಂತು, ಸಲ್ಮಾನ್ ರಶ್ದಿಯ 'ಮಿಡ್‌ನೈಟ್ಸ್ ಚಿಲ್ಡ್ರನ್' ಜೊತೆ ಹಂಚಿಕೊಂಡು. 1986ರಲ್ಲಿ ಪೀಟರ್ ವಿಯರ್ ಸಿನಿಮಾ ಮಾಡಿದ, ಬೆಲೀಜ್‌ನಲ್ಲಿ ಚಿತ್ರೀಕರಣ. ಹ್ಯಾರಿಸನ್ ಫೋರ್ಡ್ ಆ್ಯಲಿ, ಹೆಲೆನ್ ಮಿರೆನ್ ತಾಯಿ, ರಿವರ್ ಫೀನಿಕ್ಸ್ ಚಾರ್ಲಿ. ಫೋರ್ಡ್ ಚೆನ್ನಾಗಿಯೇ ಮಾಡಿದ್ದಾನೆ, ಅದೇ ತೊಂದರೆ. ಸಿನಿಮಾ ಅಪ್ಪನದಾಗಿಬಿಟ್ಟಿದೆ. 2021ರ ಟೀವಿ ಸರಣಿಯಲ್ಲಿ ಲೇಖಕನ ಅಣ್ಣನ ಮಗ ಜಸ್ಟಿನ್ ಥೆರೂ ಆ್ಯಲಿಯಾಗಿದ್ದಾನೆ. ಅಲ್ಲಿ ಈ ಸಂಸಾರ ಸರ್ಕಾರದಿಂದ ತಪ್ಪಿಸಿಕೊಂಡು ಮೆಕ್ಸಿಕೊಕ್ಕೆ ಓಡುತ್ತದೆ. ಹೊರಡಲು ಹೊರಗಿನ ಕಾರಣ ಕೊಟ್ಟ ಕೂಡಲೇ ಕಥೆಯ ಜೀವ ಹೋಯಿತು. ಯಾರೂ ಅಟ್ಟಿಸಿಕೊಂಡು ಬರುತ್ತಿರಲಿಲ್ಲ ಎಂಬುದಲ್ಲವೇ ವಿಷಯ? ನಮ್ಮಲ್ಲಿ ಎಷ್ಟು ಜನರನ್ನು ಯಾರು ಅಟ್ಟಿಸಿಕೊಂಡು ಬಂದಿದ್ದರು?

ಕನ್ನಡದಲ್ಲಿ ಇದರ ಪಕ್ಕ ಇಡಲು ಹುಡುಕಿದರೆ ನೆನಪಾಗುವುದು, ವಿಚಿತ್ರವೆನಿಸಬಹುದು, ತೇಜಸ್ವಿಯವರ 'ಕರ್ವಾಲೊ'. ಅದು 1980ರದು, ಇದಕ್ಕಿಂತ ಒಂದೇ ವರ್ಷ ಹಿಂದಿನದು. ಅಲ್ಲೂ ಕಾಡು, ವಿಜ್ಞಾನ, ಗೀಳು ಹಿಡಿದ ಒಬ್ಬ ಮನುಷ್ಯ. ಆದರೆ ಕರ್ವಾಲೊ ಮಂದಣ್ಣನಿಂದ ಕಲಿಯಲು ಬಂದವನು. ಆ್ಯಲಿ ಯಾರಿಂದಲೂ ಕಲಿಯುವವನಲ್ಲ. ಹಾರುವ ಓತಿ ಕೊನೆಗೆ ಕೈತಪ್ಪಿ ಹೋದರೂ ಕರ್ವಾಲೊನಿಗೆ ಯಾರನ್ನೂ ಶಿಕ್ಷಿಸಬೇಕಾಗುವುದಿಲ್ಲ. ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ, ಯಾಕೆಂದರೆ ಕರ್ವಾಲೊ ಮಕ್ಕಳನ್ನು ಕಟ್ಟಿಕೊಂಡು ಕಾಡಿಗೆ ಬಂದವನಲ್ಲ.

ನಿಜವಾದ ಕೊರತೆ ಬೇರೆ ಕಡೆ ಇದೆ. ಹೊರನಾಡು, ಹೊರದೇಶದ ಕನ್ನಡಿಗರು ಬರೆದ ಕಥೆಗಳನ್ನು, ಈ ಪತ್ರಿಕೆಯಲ್ಲಿ ಬಂದವನ್ನೂ ಸೇರಿಸಿ, ನಾನು ಹತ್ತು ವರ್ಷದಿಂದ ಓದುತ್ತ ಬಂದಿದ್ದೇನೆ. ಎರಡು ಮೂರು ನಾನೂ ಬರೆದಿದ್ದೇನೆ. ಅವುಗಳಲ್ಲಿ ಮಕ್ಕಳು ಒಂದೇ ಕೆಲಸಕ್ಕೆ ಬರುತ್ತಾರೆ, ಕನ್ನಡ ಮರೆಯಲು. ಅಜ್ಜಿಯ ಫೋನಿಗೆ ಇಂಗ್ಲಿಷಿನಲ್ಲಿ ಉತ್ತರಿಸಿ ನಾಯಕನ ಕಣ್ಣಲ್ಲಿ ನೀರು ತರಿಸಿ ಒಳಗೆ ಹೋಗುತ್ತಾರೆ. ಆ ಮಗು ತನ್ನ ಕೋಣೆಯಲ್ಲಿ ಏನು ಕಟ್ಟಿಕೊಂಡು ಕೂತಿದೆ, ಯಾವ ಊರಿಗಾಗಿ ಹಲುಬುತ್ತಿದೆ ಎಂದು ನಾವು ಬರೆದಿಲ್ಲ. ನಮ್ಮ ಹಂಬಲವೆಲ್ಲ ನಾವು ಬಿಟ್ಟು ಬಂದ ಊರಿನದು. ಮಕ್ಕಳ ಹಂಬಲ ನಾವು 'ಪರಊರು' ಎಂದು ಕರೆಯುವ ಊರಿನದು ಇರಬಹುದು. ನನ್ನ ಮಗಳಿಗೆ ಕಳೆದುಹೋದದ್ದು ವಾಕಡಿನ ಒಂದು ಹೌಸಿಂಗ್ ಸೊಸೈಟಿಯ ಗೇಟು. ಅದರ ಮೇಲೆ ಭಾವಗೀತೆ ಬರೆಯುವವರು ಯಾರು?

ಪುಸ್ತಕ ಊಟದ ಮೇಜಿನ ಮೇಲೇ ಇತ್ತು. ಮಗಳು ಪರೀಕ್ಷೆ ಮುಗಿದ ಮೇಲೆ ಎತ್ತಿಕೊಂಡು ಹೋಗಿ ನಾಲ್ಕು ದಿನದಲ್ಲಿ ಓದಿದಳು. ನಾನು ಈ ಲೇಖನಕ್ಕೆಂದು ಮಾಡಿಕೊಂಡ ಟಿಪ್ಪಣಿಗಳನ್ನೂ ಓದಿದ್ದಳೆಂದು ಆಮೇಲೆ ಗೊತ್ತಾಯಿತು. ಅದರಲ್ಲಿ ನಾನು ಚಾರ್ಲಿಯ ಮೇಲೆ ಒಂದು ಆಕ್ಷೇಪ ಬರೆದಿದ್ದೆ. ಹ್ಯಾಡಿ ರಾತ್ರಿ ಕದ್ದು ಬಂದು ಪೆಟ್ರೋಲು, ಸ್ಪಾರ್ಕ್ ಪ್ಲಗ್ ಕೊಟ್ಟು ಹೋಗುತ್ತಾನೆ. ಅದು ಎಲ್ಲಿಂದ ಬಂತೆಂದು ಚಾರ್ಲಿ ಅಪ್ಪನಿಗೆ ಹೇಳುವುದಿಲ್ಲ. ಅಷ್ಟೆಲ್ಲ ಗೊತ್ತಾದ ಮೇಲೂ ಹುಡುಗ ಬಾಯಿ ಬಿಡದಿರುವುದು ಕಥೆಯನ್ನು ಎಳೆಯುವ ತಂತ್ರ ಎಂದು ಬರೆದಿದ್ದೆ.

"ಅಪ್ಪ, ಇದು ತಪ್ಪು" ಎಂದಳು.

"ಯಾಕೆ?"

"ಹೇಳಿದ್ದರೆ ಅವನಪ್ಪ ಹ್ಯಾಡಿಗೆ ಬೈತಿದ್ದ, ಪೆಟ್ರೋಲು ಚೆಲ್ತಿದ್ದ. ಅವನಿಗೆ ಅದು ಗೊತ್ತು. ಸುಮ್ಮನಿದ್ದದ್ದು ಹೆದರಿ ಅಲ್ಲ."

ಆ ಆಕ್ಷೇಪವನ್ನು ತೆಗೆದುಹಾಕಿದ್ದೇನೆ. ಮೊಂಬಾಸಾದ ಆ ಮೂರು ತಿಂಗಳ ಬಗ್ಗೆ ಅವಳನ್ನು ಕೇಳಬೇಕೆಂದು ಬಾಯಿ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು, "ಆ ಐಸ್ ಮೆಷಿನ್ ನಿಜವಾಗಲೂ ಕೆಲಸ ಮಾಡುತ್ತಾ?" ಎಂದು ಕೇಳಿದಳು. ಕಾಗದ ತೆಗೆದುಕೊಂಡು ಚಿತ್ರ ಬರೆಯತೊಡಗಿದೆ. ಅಮೋನಿಯಾ, ನೀರು, ಹೈಡ್ರೋಜನ್. ಮಗನೂ ಬಂದು ಕೂತ.